ಕಪ್ಪರಗು

ಸ್ವೇಲ್ ಕಣಿವೆಯಲ್ಲಿ ಯಾರಾದರೂ ಸತ್ತರೆ
ಮೊದಲು ಪಾದ್ರಿಗೆ, ಆಮೇಲೆ ಬಡಗಿಗೆ,
ಮೂರನೆಯದಾಗಿ ನಮ್ಮಜ್ಜಿಗೆ ಸುದ್ದಿ.
ಬಂದವನು ಟೋಪಿ ತೆಗೆದು ಹೊಸ್ತಿಲಲ್ಲೇ ನಿಂತು
ಎಷ್ಟು ಜನ ಸೇರಬಹುದೆಂದು ಹೇಳುತ್ತಿದ್ದ,
ಸತ್ತವರ ಹೆಸರಿಗಿಂತ ಮೊದಲು.
ಅಜ್ಜಿ ಕೆಜೈಯಾ ಬೆರಳಲ್ಲೇ ಲೆಕ್ಕ ಹಾಕಿ
ಮೊಟ್ಟೆಯ ಬುಟ್ಟಿ ಎಳೆದುಕೊಳ್ಳುತ್ತಿದ್ದಳು.

ತಲೆಗೆರಡು ಬಿಸ್ಕತ್ತು. ಅಂಗೈಯಗಲ, ಶಾಜೀರಿಗೆ ಹಾಕಿದ್ದು,
ನಡುವೆ ಮರದಚ್ಚಿನ ಹೃದಯ.
ಅಚ್ಚಿನ ಒಂದು ಮಗ್ಗುಲು ಸವೆದು
ನಮ್ಮ ಕಣಿವೆಯ ಹೃದಯಗಳೆಲ್ಲ ಎಡಕ್ಕೆ ಸೊಟ್ಟ.
ಬಿಳಿ ಕಾಗದದಲ್ಲಿ ಸುತ್ತಿ, ಕಪ್ಪರಗು ಕಾಯಿಸಿ
ಮಡಿಕೆಯ ಮೇಲೊಂದು ಹನಿ.
ಹೆಬ್ಬೆರಳಿಗೆ ಅದು ಅಂಟಿ ಅಂಟಿ
ಭಾನುವಾರದ ಪ್ರಾರ್ಥನೆಯಲ್ಲೂ
ಅಜ್ಜಿಯ ಉಗುರು ಸೂತಕದಲ್ಲಿರುತ್ತಿತ್ತು.

ಕಾಗದದ ಮೇಲೆ ಪದ್ಯ.
ರಿಚ್ಮಂಡ್ ಪೇಟೆಯ ಅಚ್ಚುಕೂಟದಿಂದ ಗ್ರೋಸುಗಟ್ಟಲೆ ಬರುತ್ತಿತ್ತು, ಮೂರೇ ಬಗೆ:
ಗಂಡಸರಿಗೊಂದು, ಹೆಂಗಸರಿಗೊಂದು, ಮಕ್ಕಳಿಗೊಂದು.
ಸೀಸದ ಗಣಿ ಕುಸಿದು ಸತ್ತವನಿಗೂ
ಕುಡಿದು ಹೊಳೆಗೆ ಬಿದ್ದವನಿಗೂ

      ಬಗೆದನು ಬೆಟ್ಟವ ಬೆಳಕಿಗೆ ದೂರ
      ಇಗೋ ಬಂದಿತು ಬೆಳಕಿನ ತೀರ

ದರ್ಜಿ ಸೈಲಸ್ ಮೆಟ್ಕಾಫ್ ಹೋದಾಗಲೂ ಅದೇ.
ಜನ್ಮದಲ್ಲಿ ಗುದ್ದಲಿ ಹಿಡಿದವನಲ್ಲ. ಯಾರೂ ತಕರಾರು ತೆಗೆಯಲಿಲ್ಲ.

ನಾನು ಅಕ್ಷರ ಕಲಿತದ್ದು ಮಸಿ ಹರಡಿ ಕೆಟ್ಟ ಆ ಕಾಗದಗಳಲ್ಲಿ.
ಬೇರೆ ಮಕ್ಕಳಿಗೆ ಬೆಕ್ಕು, ಸೇಬು.
ನನಗೆ ‘ಅಗಲಿದ’, ‘ಚಿರ’, ‘ಮಣ್ಣು’.
ಪ್ರಾಸ ಮಾತ್ರ ಚೆನ್ನಾಗಿತ್ತು,
ಹಗ್ಗದಾಟಕ್ಕೆ ಹೇಳಿ ಮಾಡಿಸಿದ ಹಾಗೆ.
ಓಣಿಯ ಹುಡುಗಿಯರಿಗೆ ನಾನೇ ಕಲಿಸಿದೆ:
ಇಬ್ಬರು ಬೀಸುವುದು, ಒಬ್ಬಳು ಹಾರುವುದು,

      ಅರಳುವ ಮುನ್ನವೆ ಕೊಯ್ದನು ಮಾಲಿ
      ಇರುಳಿಗೆ ತೊಟ್ಟಿಲು ಖಾಲಿ, ಖಾಲಿ

ಎರಡನೆಯ ಖಾಲಿಗೆ ಎರಡೂ ಕಾಲು ನೆಲ ಬಿಟ್ಟಿರಬೇಕು.
ಇಲ್ಲದಿದ್ದರೆ ಔಟು.

ಡಾರ್ಕಸ್ ಕೋಟ್ಸ್ ಎಲ್ಲರಿಗಿಂತ ಮೇಲೆ ಹಾರುತ್ತಿದ್ದಳು.
ನವೆಂಬರಿನಲ್ಲಿ ಗಂಟಲುಮಾರಿ. ನಾಲ್ಕು ದಿನ.
ಎಂಬತ್ತು ಬಿಸ್ಕತ್ತು.
ಕಾಗದ ನಾನೇ ಮಡಿಸಿದೆ, ಓದದೆ ಮಡಿಸಿದೆ.
ಓದದಿದ್ದರೇನು,
ಮೇಜಿನ ಕೆಳಗೆ ಕಾಲು ಕುಣಿಯುತ್ತಿತ್ತು.

ಚಳಿ ಕಳೆದು ಹಗ್ಗ ಮತ್ತೆ ಹೊರಬಂತು. ಮಕ್ಕಳಲ್ಲವೇ.
ಖಾಲಿ, ಖಾಲಿ ಅನ್ನುತ್ತಿದ್ದೇವೆ,
ಅವಳ ತಾಯಿ ಟೇಮರ್
ನೀರಿನ ಬಕೆಟು ಹಿಡಿದು ಓಣಿಯ ತಿರುವಿನಲ್ಲಿ.
ಹಗ್ಗ ನೆಲಕ್ಕೆ ಬಿತ್ತು.
ಆಕೆ ಬಕೆಟು ಇಳಿಸಿ, ಏಪ್ರನ್ನಿಗೆ ಕೈ ಒರೆಸಿಕೊಂಡಳು.
ಹೊಡೆಯುತ್ತಾಳೆಂದು ಕಣ್ಣು ಮುಚ್ಚಿದೆ.
ನನ್ನ ಕೈಯಿಂದ ಹಗ್ಗದ ತುದಿ ತೆಗೆದುಕೊಂಡು
‘ಎಷ್ಟೆತ್ತರ ಹಾರುತ್ತಿದ್ದಳು?’ ಅಂದಳು.
ನನ್ನ ಮೊಣಕಾಲು ಮುಟ್ಟಿ ತೋರಿಸಿದೆ.
‘ಸರಿ. ನೀನು ಹಾರು.’
ಬೀಸತೊಡಗಿದಳು. ಪದ್ಯ ಆಕೆಗೆ ಬಾಯಿಪಾಠ.

ಆ ದಿನ ಎಷ್ಟು ಹಾರಿದೆನೋ.
ಬಕೆಟಿನ ನೀರು ಅಲುಗುತ್ತಲೇ ಇತ್ತು.

ಈಗ ಸಾವಿನ ಮನೆಯಲ್ಲಿ ಹ್ಯಾಮು, ಚಹಾ, ಅಂಗಡಿಯ ಕೇಕು.
ಅಚ್ಚು ನನ್ನ ಹತ್ತಿರವಿದೆ.
ವರ್ಷಕ್ಕೊಮ್ಮೆ, ಯಾರೂ ಸಾಯದ ವಾರ ನೋಡಿ
ಒಂದು ತಟ್ಟೆಯಷ್ಟು ಮಾಡುತ್ತೇನೆ.
ಮೊಮ್ಮಗ ಜೀರಿಗೆ ಆರಿಸಿ ಉಗುಳುತ್ತ
ಇದು ಹೃದಯವೋ ಆಲೂಗಡ್ಡೆಯೋ ಅನ್ನುತ್ತಾನೆ.

ಹೆಂಗಸರ ಕಾಗದ ಒಂದು ಉಳಿದಿದೆ, ಡ್ರಾಯರಿನಲ್ಲಿ, ನನಗೆಂದು.
ಅದರ ಪ್ರಾಸ ಅಷ್ಟಕ್ಕಷ್ಟೆ. ಹಗ್ಗಕ್ಕೆ ಒಗ್ಗುವುದಿಲ್ಲ.
ಒಂದು ಸಲ, ಅಡುಗೆಮನೆಯ ಬಾಗಿಲು ಹಾಕಿಕೊಂಡು,
ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ
ಪರೀಕ್ಷೆ ಮಾಡಿ ನೋಡಿದ್ದೇನೆ.