ನಲವತ್ತೈದಕ್ಕೆ ಹಾಡುವ ಜೀಪು

ಮೈಕ್‌ಸೆಟ್ ಹುಚ್ರಾಯಪ್ಪನಿಗೆ ಸದ್ದಿನ ವಿಷಯ
ಯಾರೂ ಹೇಳಿಕೊಡಬೇಕಾಗಿಲ್ಲ.
"ನಲವತ್ತರ ತನಕ ಸುಮ್ನಿರ್ತದೆ ಮಾರಾಯ,
ನಲವತ್ತೈದಕ್ಕೆ ಗುಂಯ್ ಅಂತದೆ,
ಅರ್ಥಿಂಗ್ ಬಿಟ್ಟ ಆಂಪ್ಲಿಫೈಯರ್ ಇದ್ದ ಹಾಗೆ.
ಐವತ್ತೈದು ದಾಟಿದ್ರೆ ಮತ್ತೆ ತಣ್ಣಗೆ.
ಆದ್ರೆ ಈ ಡಬ್ಬಾನ ಐವತ್ತೈದು ದಾಟಿಸೋದು ಯಾರು?"

ಕಲ್ಲುಕ್ವಾರಿಯವರಿಂದ ಕೊಂಡ ದಿನದಿಂದ ಹೀಗೇ ಅಂತೆ.
ಸಾಗರದವನು ನಾಲ್ಕೂ ಚಕ್ರ ಬ್ಯಾಲೆನ್ಸ್ ಮಾಡಿದ.
ಶಿಕಾರಿಪುರದವನು ಎಲ್ಲ ಬಿಚ್ಚಿ, ಎಣ್ಣೆ ಬದಲಿಸಿ,
ಬೇರಿಂಗಿನ ಮೇಲೆ ಆಣೆ ಇಟ್ಟ.
ಶಿವಮೊಗ್ಗದವನೊಬ್ಬ ಚಹಾ ಕುಡಿಸಿ
ಗುಜರಿಯವನ ನಂಬರು ಕೊಟ್ಟ.

ಆನಂದಪುರದ ನನ್ನ ಶೆಡ್ಡಿನಲ್ಲಿ ಗುಂಡಿ ಇಲ್ಲ.
ಗೋಣಿ ಹಾಸಿ, ಬೆನ್ನ ಮೇಲೆ ತೆವಳಿ,
ಪ್ರೊಪೆಲ್ಲರ್ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು
ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿದೆ.
ಕಟಕ್.
ಇಲಿಯಾಸ ಟಾರ್ಚು ಹತ್ತಿರ ತಂದ:
ಕ್ರಾಸಿನ ಕಪ್ಪಿನ ಅಂಚಿಗೆ ಕೆಂಪು ಪುಡಿ.
ಹಳ್ಳ ದಾಟಿದ ಗಾಡಿ. ಗ್ರೀಸು ನೀರಿಗೆ ಹೋಗಿ
ಕಬ್ಬಿಣ ಕಬ್ಬಿಣವನ್ನೇ ಅರೆದು
ತನ್ನ ಹಣೆಗೆ ತಾನೇ ಇಟ್ಟುಕೊಂಡ ಕುಂಕುಮ.
"ಸಿಕ್ಕಿತು," ಅಂದೆ, ಸ್ವಲ್ಪ ಜೋರಾಗಿಯೇ,
ಹೊರಗೆ ಬೆಂಚಿನ ಮೇಲಿದ್ದವನಿಗೆ ಕೇಳಲಿ ಅಂತ.

ಲಾಕು ಕೀಳುವುದು, ವೈಸಿಗೆ ಕೊಡುವುದು,
ಹಳೇ ಬುಶ್ಶು ಆನಿಸಿ ಸುತ್ತಿಗೆ ಬಿಡುವುದು
ಕೈಗೆ ಬಾಯಿಪಾಠ.
ಹೊಸ ಕ್ರಾಸಿನ ಒಂದು ಕಪ್ಪು ಮಾತ್ರ ಕೂರಲೊಲ್ಲದು.
ಒಳಗೊಂದು ಸೂಜಿ ಅಡ್ಡ ಬಿದ್ದಿತ್ತು,
ಅಕ್ಕಿಕಾಳಿಗಿಂತ ತುಸು ಉದ್ದ,
ನನ್ನ ತೋಳಿನ ಬಲವನ್ನೆಲ್ಲ ತಡೆದು.
ಇಲಿಯಾಸ ಗ್ರೀಸಿನಲ್ಲದ್ದಿ, ಬೆರಳ ತುದಿಯಿಂದ,
ಅದನ್ನು ಅದರ ಸಾಲಿಗೆ ಸೇರಿಸಿದ.

ಸಂಜೆ ಸಾಗರದ ದಾರಿಯಲ್ಲಿ ಓಡಿಸಿದೆವು.
ಮೂವತ್ತು. ನಲವತ್ತು.
ಹುಚ್ರಾಯಪ್ಪ ಕಣ್ಣು ಮುಚ್ಚಿದ್ದ.
ನಲವತ್ತೈದು.
ಗುಂಯ್.
ಕಣ್ಣು ತೆರೆಯದೆ, "ಸ್ವಲ್ಪ ಕಡಿಮೆ ಆಗಿದೆ," ಅಂದ.
ಅಷ್ಟು ಮರ್ಯಾದೆಯ ಮನುಷ್ಯ.

ರಾತ್ರಿ ಮತ್ತೆ ಇಳಿಸಿದೆ. ಈ ಸಲ
ಸ್ಪ್ಲೈನಿನ ಕುತ್ತಿಗೆಯನ್ನು ಸೀಮೆಎಣ್ಣೆಯಲ್ಲಿ ತೊಳೆದೆ.
ವರ್ಷಗಳ ಜಿಡ್ಡು, ಜಿಡ್ಡಿನಡಿ ಕೆಮ್ಮಣ್ಣು, ಮಣ್ಣಿನಡಿ ಬಣ್ಣ,
ಬಣ್ಣದಡಿ ಕಂಪನಿ ಹೊಡೆದ ಎರಡು ಬಾಣ.
ಒಂದಕ್ಕೊಂದು ಮುಖ ಕೊಡಬೇಕಾದವು
ಎರಡು ಹಲ್ಲು ಆಚೀಚೆ,
ಮಾತು ಬಿಟ್ಟ ದಾಯಾದಿಗಳ ಹಾಗೆ.

ಪಕ್ಕದಲ್ಲಿ, ಯಾರೂ ತಪ್ಪಬಾರದೆಂದು
ಆಳವಾಗಿ ಹೊಡೆದ ಪಂಚಿನ ಚುಕ್ಕಿಗಳು,
ಇತ್ತ ಮೂರು ಅತ್ತ ಮೂರು, ಕೂದಲೆಳೆಯೂ ಸರಿಯದೆ ಎದುರುಬದುರು.
ಆರೂ ಎಡಕ್ಕೆ ಒರಗಿವೆ.
ನನ್ನ ಪಂಚಿನ ಮೂತಿ ಈಗಲೂ ಎಡಕ್ಕೇ.

ಕ್ವಾರಿಯ ಜೀಪು. ಕರೆಂಟಿಲ್ಲದ ರಾತ್ರಿ.
ಜೋಡಿಸಿ ಮುಗಿದ ಮೇಲೆ ಗುರುತು ಹಾಕಿದ್ದೆ,
ಮುಂದೆ ಬಿಚ್ಚುವವನಿಗೆ ಉಪಕಾರವಾಗಲಿ ಎಂದು.
ಬಿಚ್ಚಿದವರೆಲ್ಲ ನಂಬಿದರು.
ಇವತ್ತು ಮಧ್ಯಾಹ್ನ ನಾನೂ
ಜಿಡ್ಡಿನೊಳಗೆ ಬೆರಳಲ್ಲಿ ತಡವಿ ಚುಕ್ಕಿಗೆ ಚುಕ್ಕಿ ಕೂರಿಸಿದ್ದೆ:
ಪರವಾಗಿಲ್ಲ, ಯಾರೋ ಶಿಸ್ತಿನ ಕೆಲಸಗಾರ, ಅಂದುಕೊಳ್ಳುತ್ತ.

ಇಲಿಯಾಸ ಚುಕ್ಕಿ ನೋಡಿದ. ಪಂಚು ನೋಡಿದ.
ಸ್ಪಾನರ್ ಒರೆಸುತ್ತ ಕೂತ, ಒರೆಸಿದ್ದನ್ನೇ.

ಬೆಳಿಗ್ಗೆ ನಲವತ್ತೈದಕ್ಕೆ ಬರೀ ಗಾಳಿ.
ಐವತ್ತಕ್ಕೆ, ಹಿಂದಿನ ಸೀಟಿನಡಿ ಏನೋ ಉರುಳಿದ್ದು ಕೇಳಿಸಿತು.
ಮೈಕಿನ ಪಿನ್ನು. "ಎರಡು ವರ್ಷದಿಂದ ಹುಡುಕ್ತಾ ಇದ್ದೆ!"
ಆಮೇಲೆ, "ಎಂತ ಆಗಿತ್ತು ಹಾಗಾದ್ರೆ?"
"ಕ್ರಾಸ್ ಹೋಗಿತ್ತು," ಅಂದೆ. ಸುಳ್ಳಲ್ಲ.
ಆನಂದಪುರ ಬರುವಷ್ಟರಲ್ಲಿ ಮಿಕ್ಕಿದ್ದನ್ನೂ ಹೇಳಿದೆ,
ಕೂಲಿ ಬೇಡವೆಂದೂ.
ಅವನು ಕಿವಿ ಮುಟ್ಟಿ ತೋರಿಸಿದ:
"ಹಾರ್ನ್ ಸ್ಪೀಕರಿನ ಪಕ್ಕ ಮೂವತ್ತು ವರ್ಷ.
ಈ ಕಡೆ ಕೇಳೋದಿಲ್ಲ ನಂಗೆ."
ಕೂಲಿ ಎಣಿಸಿ ಬಾನೆಟ್ಟಿನ ಮೇಲಿಟ್ಟ.

ಈ ವಾರ ಇನ್ನೊಂದು ಜೀಪು.
ಶಾಫ್ಟಿಗೆ ಪಂಚು ಆನಿಸಿ, ಸುತ್ತಿಗೆ ಎತ್ತಿ,
"ಗುರುತು ಹೊಡೀಲಾ?" ಅಂದ ಇಲಿಯಾಸ.
"ಒರೆಸು ಮೊದಲು."