ಬೆರಳಿನ ಬಣ್ಣ

ಮಂಗಳವಾರ ರಾತ್ರಿ ಬಕೆಟ್ಟಿಗೆ ಬಿಸಿನೀರು,
ಗೋಬಿ ಗಾಡಿಯ ತಿಪ್ಪೇಶಿ ಲೋಟದಲ್ಲಿ ಕೊಟ್ಟ ವಿನೆಗರು.
ತೊಡೆಯಿಂದ ಬೆರಳ ಬುಡದವರೆಗೆ
ಎರಡು ಕಾಲಿನ ಪ್ಲಾಸ್ಟರೂ ನೆನೆಯಬೇಕು.
ದ್ಯಾಮಕ್ಕ ಪಟ್ಟಿಯ ತುದಿ ಹುಡುಕುತ್ತಾಳೆ, ಉಗುರಿನಲ್ಲಿ.
ಸಿಕ್ಕಿತೋ, ಮುಕ್ಕಾಲು ಗಂಟೆ.
ಸಿಗಲಿಲ್ಲವೋ, ವಠಾರದ ಆರು ಮನೆಯಲ್ಲೂ ಲೈಟು.

ಹುಟ್ಟಿದಾಗ ಅವಳ ಅಂಗಾಲುಗಳು
ಒಂದಕ್ಕೊಂದು ಕೈಮುಗಿದಿದ್ದವು.
ಗ್ರಹಣದ ದಿನ ಈಳಿಗೆ ಮುಟ್ಟಿದ್ದಳು, ಅಂದಳು ಅವ್ವ.
ಆಚೆಮನೆಯವರು ಅವ್ವನಿಗೆ ಕೇಳಿಸದ ಹಾಗೆ,
ನನಗೆ ಮಾತ್ರ ಕೇಳಿಸುವ ಹಾಗೆ ಅಂದರು:
ಎಷ್ಟು ಜನರ ಮೆಟ್ಟು ಹೊಲಿದ ಕೈ, ನೋಡು,
ಸ್ವಂತ ಮಗಳಿಗೊಂದು ಮೆಟ್ಟಿನ ಯೋಗ ಇಲ್ಲ.
ನಾನು ದಾರಕ್ಕೆ ಮೇಣ ಎಳೆಯುತ್ತ ಕೂತೆ.
ಅವತ್ತು ಬೇಕಾದ್ದಕ್ಕಿಂತ ಹೆಚ್ಚೇ ಹತ್ತಿತು.

ಮೆಗ್ಗಾನಿನ ಡಾಕ್ಟರು ಚಿಕ್ಕ ವಯಸ್ಸಿನವರು.
ಎಳೆಯಬಾರದು, ಅಂದರು,
ಪಾದಕ್ಕೆ ದಾರಿ ತೋರಿಸಬೇಕು, ವಾರಕ್ಕೆ ಇಷ್ಟೇ ಇಷ್ಟು.
ಹೆಬ್ಬೆರಳು ಒಂದು ಕಡೆ ಊರಿ, ಉಳಿದದ್ದನ್ನು ಹೊರಗೆ ತಿರುಗಿಸಿ
ಹಿಡಿದೇ ಇದ್ದರು, ಹಿಟ್ಟು ಬಿಗಿಯುವ ತನಕ.
ನನಗಿದು ಗೊತ್ತು ಅನ್ನಿಸಿತು.
ನೆನೆಸಿದ ತೊಗಲನ್ನು ಮರದ ಅಚ್ಚಿಗೆ ಎಳೆದು ಮೊಳೆ ಹೊಡೆದು
ಒಂದಿರುಳು ಬಿಟ್ಟರೆ
ಬೆಳಗ್ಗೆ ಅಚ್ಚು ತೆಗೆದರೂ ಅದಕ್ಕೆ ಪಾದದ ನೆನಪಿರುತ್ತದೆ.
ಹೇಳಬೇಕೆಂದುಕೊಂಡೆ. ಹೇಳಲಿಲ್ಲ.
ತೊಗಲಿಗೆ ನಡುವೆ ಹಸಿವಾಗುವುದಿಲ್ಲ.

ಬುಧವಾರದ ಬೆಂಚಿನಲ್ಲಿ ಅಮ್ಮಂದಿರು
ಒಬ್ಬರ ಮಗುವಿನ ಪಾದ ಇನ್ನೊಬ್ಬರು ತಿರುವಿ ನೋಡುತ್ತಾರೆ,
ಸಂತೆಯಲ್ಲಿ ಬದನೆಕಾಯಿ ನೋಡಿದಂತೆ.
ಹೊಸನಗರದಿಂದ ಮೊದಲ ಬಸ್ಸಿಗೆ ಬರುವ ಹೆಂಗಸು
ಬಸ್ಸಲ್ಲೇ ಪಟ್ಟಿ ಬಿಚ್ಚುತ್ತಾಳಂತೆ,
ಸೀಟೆಲ್ಲ ಬಿಳಿ ಪುಡಿ, ಕಂಡಕ್ಟರು ಬೈದು ಬೈದು
ಈಗ ಕಿಟಕಿ ಪಕ್ಕ ಜಾಗ ಹಿಡಿದಿಟ್ಟಿರುತ್ತಾನಂತೆ.

ಸೋದರಮಾವ ಹೊಳಲ್ಕೆರೆಯಿಂದ ತಂದ ಬೆಳ್ಳಿ ಕಡಗ
ಅಕ್ಕಿ ಡಬ್ಬಿಯಲ್ಲಿದೆ.
ಅವ್ವನ ಹರಳೆಣ್ಣೆ ಬಾಟಲಿ ದ್ಯಾಮಕ್ಕನ ಟ್ರಂಕಿನಲ್ಲಿ, ಬೀಗದೊಳಗೆ.
ಉಚ್ಚೆ ತಾಗದಂತೆ ತೊಡೆಯ ಅಂಚಿಗೆ
ಕತ್ತರಿಸಿದ ಹಾಲಿನ ಪ್ಯಾಕೆಟ್ಟು.

ಮತ್ತೆ ಬೆರಳು.
ಒತ್ತಬೇಕು, ಬೆಳ್ಳಗಾಗುತ್ತದೆ, ಬಿಡಬೇಕು,
ಒಂದು, ಎರಡು ಅನ್ನುವಷ್ಟರಲ್ಲಿ ಕೆಂಪು ತಿರುಗಿ ಬರಬೇಕು.
ಹತ್ತು ಬೆರಳು, ಮೊಬೈಲಿನ ಬೆಳಕಲ್ಲಿ,
ಅವಳೊಂದು ಸಲ, ನಾನೊಂದು ಸಲ.

ನಾಲ್ಕನೇ ವಾರ, ಶುಕ್ರವಾರ, ಎಡಗಾಲಲ್ಲಿ ಬೆರಳೇ ಇರಲಿಲ್ಲ.
ಪ್ಲಾಸ್ಟರು ಜಾರಿ ನುಂಗಿತ್ತು. ಒಳಗೆಲ್ಲೋ ಒಂದು ನೇರಳೆ ಚುಕ್ಕೆ.
ಇಮ್ತಿಯಾಜಣ್ಣ ಲುಂಗಿಯಲ್ಲೇ ಆಟೋ ತೆಗೆದ,
ಸಾಗರ ರಸ್ತೆಯ ಉಬ್ಬು ಉಬ್ಬಿಗೂ ಬೈದ,
ದುಡ್ಡಿಗೆ ಕೈ ಅಡ್ಡ ಇಟ್ಟ.
ಬಿಚ್ಚಿದರು. ಸಿಪ್ಪೆ ಏಳುವ ಚರ್ಮ, ಹುಳಿ ವಾಸನೆ,
ಹಳೇ ಶೂ ಒಳಗಿನದು, ನನ್ನ ಮೂಗಿಗೆ ನೆಂಟ.
ಬುಧವಾರದವರೆಗೆ ಆ ಕಾಲು ನಮ್ಮದು.
ದ್ಯಾಮಕ್ಕ ಅದನ್ನು ಕೆನ್ನೆಗೊತ್ತಿಕೊಂಡೇ ಮಲಗಿದಳು.
ಒಂದು ವಾರದ ಕೆಲಸ ಹಿಂದೆ ಹೋಯಿತು, ಅಂದರು ಡಾಕ್ಟರು.
ತಲೆಯಾಡಿಸಿದಳು.
ಬೇಜಾರಾದಂತೆ ಕಾಣಲಿಲ್ಲ.

ಈಗ ಏಳನೆಯದು. ಆಮೇಲೆ
ಕಬ್ಬಿಣದ ಪಟ್ಟಿಗೆ ಜೋಡಿಸಿದ ಪುಟ್ಟ ಶೂ, ಹಗಲೂ ರಾತ್ರಿ.
ಹೊಲಿಗೆ ನೋಡಿದೆ. ಪರವಾಗಿಲ್ಲ,
ಹಿಮ್ಮಡಿಯ ಹತ್ತಿರ ಒಂದೆಳೆ ಸಡಿಲ.
ಮೊನ್ನೆ ಪಟ್ಟಿ ಬಿಚ್ಚಿದ ರಾತ್ರಿ ಕ್ಯಾಲೆಂಡರಿನ ಹಾಳೆಯ ಹಿಂದೆ
ಪಾದವಿಟ್ಟು ಪೆನ್ಸಿಲ್ ಸುತ್ತಿದೆ:
ನನ್ನ ನಡುಬೆರಳಿಗಿಂತ ಚೂರೇ ಉದ್ದ,
ಒಂದು ಮಗ್ಗುಲು ಇನ್ನೂ ಗೋಡಂಬಿಯ ಹಾಗೆ.

ನಿನ್ನೆ ಗೋಪಿ ಸರ್ಕಲ್ಲಲ್ಲಿ, ನನ್ನ ಛತ್ರಿಯ ಕೆಳಗೆ,
ಹೆಡ್ ಕಾನ್‌ಸ್ಟೇಬಲ್ಲು ಅಟ್ಟೆ ಬದಲಿಸಲು ಬೂಟು ಕಳಚಿ
ಗೋಣಿಯ ಮೇಲೆ ಕಾಲಿಟ್ಟರು.
ಗೊತ್ತಿಲ್ಲದೆ ಅವರ ಹೆಬ್ಬೆರಳು ಒತ್ತಿ ಹಿಡಿದೆ,
ಬಿಟ್ಟೆ, ಎಣಿಸಿದೆ.
ಏನಯ್ಯಾ, ಅಂದರು.
ಏನಿಲ್ಲ ಸಾರ್.
ಬಣ್ಣ ಬಂತು.