ನಲವತ್ತೆರಡು ಕೊಡೆ

ಬೋಳಾರದ ಬಾಡಿಗೆ ಮನೆಯಲ್ಲಿ
ಒಂದು ಗೋಡೆ ಅರ್ಧ ನೀಲಿ.
ಮೂರು ರಾತ್ರಿ ನಿದ್ದೆಯಿಲ್ಲದೆ ನಾನೇ ಬಳಿದದ್ದು,
ನಲವತ್ತೆರಡು ಕೊಡೆ ಕೊಂಡ ವಾರ.
ಆಮೇಲೆ ಬ್ರಶ್ಶು ಡಬ್ಬದಲ್ಲೇ ಒಣಗಿತು,
ನಾನು ಚಾಪೆಯಲ್ಲಿ.

ಈಗ ಲಿಥಿಯಂ. ಆಗಾಗ ರಕ್ತಪರೀಕ್ಷೆ.
"ಉಪ್ಪು ಬಿಡಬೇಡಿ" ಅಂದರು ಡಾಕ್ಟರು.
ಗಂಜಿಗೆ ಒಣಮೀನು ಚಟ್ನಿ,
ಅದಕ್ಕೂ ಒಂದು ಚೀಟಿ ಸಿಕ್ಕಿತಲ್ಲ!

ಕೊಡೆಗಳು ಮುಗಿದಿಲ್ಲ. ಜೂನ್ ಬಂದರೆ
ಬೆಂಗ್ರೆ ದೋಣಿಯಲ್ಲಿ ನೆನೆಯುವ ಯಾರಿಗಾದರೂ ಒಂದು.

ಪಕ್ಕದ ಮನೆಯ ಸೆವ್ರಿನ್ ಬಾಯಿ
ಎಂಟು ದಿನದಿಂದ ಎದ್ದಿಲ್ಲ.
ಎಲ್ಲರೂ ಬಾಗಿಲಲ್ಲೇ ನಿಂತು
"ಏಳಿ, ಏಳಿ" ಅಂದು ಹೋದರು.
ನಾನು ಒಳಗೆ ಹೋಗಿ ನೆಲದ ಮೇಲೆ ಕೂತೆ.
ಆ ಚಾಪೆಯ ಅಳತೆ ನನಗೆ ಗೊತ್ತು.
ಏನೂ ಹೇಳಲಿಲ್ಲ.

ಸಂಜೆಗೆ, ಗೋಡೆ ಕಡೆ ಮುಖ ಮಾಡಿಯೇ, ಕೇಳಿದರು:
"ಕೊಡೆ ಉಂಟಾ ಇನ್ನೂ?"